ಅಳಿಯಂದಿರ ಬುಧವಾರ

ಬುಧವಾರ ಸಂಜೆ ನಮ್ಮ ಅಳಿಯಂದಿರು ಫೋನಿಗೆ ಸಿಗುವುದಿಲ್ಲ. ಅವರ ಬುಧವಾರ ಸಂಜೆ ಎಂದರೆ ಇಲ್ಲಿ ತಾಳವಾಡಿಯಲ್ಲಿ ನಮಗೆ ಗುರುವಾರ ಬೆಳಗಿನ ಕಾಫಿ ಹೊತ್ತು. ನಮ್ಮ ಮನೆಯಾಕೆ ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಫೋನ್ ಹಚ್ಚುತ್ತಾಳೆ. ಆ ಕಡೆ ಮಗಳೊಬ್ಬಳೇ ಸಿಗುತ್ತಾಳೆ. “ಅವರೆಲ್ಲಮ್ಮಾ?” ಅಂದರೆ “ಮೀಟಿಂಗು” ಅನ್ನುತ್ತಾಳೆ. ಹೋದ ವಾರವೂ ಮೀಟಿಂಗು, ಅದರ ಹಿಂದಿನ ವಾರವೂ ಮೀಟಿಂಗು. ಮೂವತ್ತು ವರ್ಷ ಕನ್ನಡ ಮೀಡಿಯಂ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ರಿಟೈರಾದ ನನಗೆ ಬೇರೇನೂ ಗೊತ್ತಿಲ್ಲದಿದ್ದರೂ ಇಷ್ಟು ಗೊತ್ತು: ವಾರಕ್ಕೊಂದೇ ದಿನ, ಅದೇ ಹೊತ್ತಿಗೆ, ತಪ್ಪದೆ ಬರುವ ಹೊಟ್ಟೆನೋವು ಹೊಟ್ಟೆನೋವಲ್ಲ.

ಜೂನ್ ತಿಂಗಳಲ್ಲಿ ನಾವಿಬ್ಬರೂ ಮಗಳ ಮನೆಗೆ ಹೋಗಿ ಇಳಿದೆವು. ಮೊದಲನೆಯ ಬುಧವಾರವೇ ಕಾದು ಕೂತೆ. ನಾಲ್ಕೂವರೆಗೆ ಅಳಿಯಂದಿರು ಒಂದು ಚೀಲ ಹೆಗಲಿಗೇರಿಸಿ, ಬೆಕ್ಕು ಹಾಲಿನ ಮನೆ ದಾಟುವಂತೆ ಹಾಲ್ ದಾಟುತ್ತಿದ್ದರು.

“ಎಲ್ಲಿಗೆ ಅಳಿಯಂದಿರೇ?”

“ಒಂದು ಮೀಟಿಂಗಿತ್ತು ಮಾವ.”

“ಮೀಟಿಂಗಿಗೆ ರಬ್ಬರ್ ಪ್ಯಾಂಟು ಹಾಕಿಕೊಂಡು ಹೋಗಬೇಕೇ ನಿಮ್ಮ ಆಫೀಸಿನಲ್ಲಿ?”

ಚೀಲದ ಬಾಯಿಂದ ಹಳದಿ ಪ್ಯಾಂಟಿನ ಕಾಲೊಂದು ನಾಲಿಗೆ ಚಾಚಿಕೊಂಡು ನೇತಾಡುತ್ತಿತ್ತು. ಮಗಳು ಅಡುಗೆಮನೆಯಿಂದಲೇ ಕಿಸಕ್ಕನೆ ನಕ್ಕಳು. ಹತ್ತು ನಿಮಿಷದಲ್ಲಿ ನಾನೂ ಮನೆಯಾಕೆಯೂ ಕಾರಿನಲ್ಲಿ ಕೂತಿದ್ದೆವು. ಅವಳ ತೊಡೆಯ ಮೇಲೆ ಕೋಡುಬಳೆ ಡಬ್ಬಿ. ಎಲ್ಲಿಗೇ ಹೋಗಲಿ, ಯಾರ ಮೀಟಿಂಗೇ ಆಗಲಿ, ಬರಿಗೈಲಿ ಹೋಗುವ ಪೈಕಿಯಲ್ಲ ಅವಳು.

ಸ್ಯಾನ್ ಹೋಸೆ ಕಡೆಯಿಂದ ಸಾಂಟಾ ಕ್ರೂಜ್ ಎಂಬ ಕಡಲೂರಿಗೆ ಹೋಗಬೇಕಾದರೆ ಒಂದು ಬೆಟ್ಟಸಾಲು ದಾಟಬೇಕು. ಹೈವೇ 17. “ಮಾವ, ಇದು ಬಹಳ ಅಪಾಯದ ಘಾಟಿ, ಬೆಲ್ಟ್ ಬಿಗಿಯಾಗಿ ಹಾಕಿಕೊಳ್ಳಿ” ಅಂದರು ಅಳಿಯಂದಿರು. ನಾನು ತಿರುವು ಎಣಿಸಲು ಬೆರಳು ಮಡಚಿಕೊಂಡೇ ಕೂತೆ. ನೆತ್ತಿ ಬಂತು, ಇಳಿಜಾರೂ ಬಂತು. ಮಡಚಿದ ಬೆರಳು ಮಡಚಿದಂತೆಯೇ ಇತ್ತು. ನೆತ್ತಿಯ ಎತ್ತರವೇ ಸುಮಾರು 1800 ಅಡಿ, ರಸ್ತೆ ನಾಲ್ಕು ಸಾಲಿನದು. ಒಂದು ಕಡೆಯಾದರೂ ಲಾರಿ ರಿವರ್ಸ್ ತೆಗೆದುಕೊಂಡು, ಕ್ಲೀನರ್ ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಟ್ಟು, “ಬರ್ಲಿ ಬರ್ಲಿ, ಹೋಲ್ಡಾನ್!” ಅಂತ ಡಬಡಬ ಬಡಿಯಲಿಲ್ಲ. ಇದೆಂಥ ಘಾಟಿ ಸ್ವಾಮಿ?

ಘಾಟಿ ಅಂದರೆ ನಮ್ಮ ದಿಂಬಂ. ಬಣ್ಣಾರಿ ಅಮ್ಮನಿಗೆ ಕೈಮುಗಿದು ಹತ್ತಲು ಶುರುಮಾಡಿದರೆ 27 ಹೇರ್‌ಪಿನ್ ತಿರುವು; ಪ್ರತಿಯೊಂದಕ್ಕೂ ನಂಬರ್ ಬೋರ್ಡು, ಪರೀಕ್ಷೆಯ ಪ್ರಶ್ನೆಗಳ ಹಾಗೆ. ಹತ್ತಿದ ಮೇಲೆ ಸತ್ಯಮಂಗಲದ ಹುಲಿ ಕಾಡು, ಹಾಸನೂರು, ಆಮೇಲೆ ನಮ್ಮೂರು. ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಮನೆಮಾತು ಕನ್ನಡ, ಬಸ್ ಬೋರ್ಡು ತಮಿಳು; ಈ ನಾಲ್ಕನ್ನೂ ಸಲೀಸಾಗಿ ಹೊತ್ತು ಬದುಕುವವರು ನಾವು. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಈ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ಕಡಿವಾಣ ಬಿತ್ತು, ಕಾಡುಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದವು ಅಂತ. ಆಗಿನಿಂದ ಎಲೆಕೋಸಿನ ಲಾರಿ, ಕಬ್ಬಿನ ಲಾರಿಗಳು ಹೊತ್ತು ಮುಳುಗುವುದರೊಳಗೆ ಚೆಕ್‌ಪೋಸ್ಟ್ ಮುಟ್ಟಬೇಕೆಂದು ಓಡುವ ಓಟವಿದೆಯಲ್ಲ, ಸಂಜೆ ರೇಸು ಅಂದರೆ ನನ್ನ ಲೆಕ್ಕದಲ್ಲಿ ಅದು. ನಡುವೆ ಕಾರಪಳ್ಳಂ ಚೆಕ್‌ಪೋಸ್ಟಿನ ಬಳಿ ಆನೆ ಅಡ್ಡ ನಿಂತು ಲಾರಿಯಿಂದ ಎರಡು ಕಂತೆ ಕಬ್ಬು ಎಳೆದುಕೊಂಡರೆ ರೇಸು ಮುಗಿದಂತೆ. ಆನೆ ರಸೀತಿ ಕೊಡುವುದಿಲ್ಲ.

ಇರಲಿ. ಬಂದರಿನಲ್ಲಿ ಇಳಿದಾಗ ಅಳಿಯಂದಿರ ಗುಟ್ಟು ರಟ್ಟಾಯಿತು. ನೂರಾರು ಹಾಯಿದೋಣಿಗಳು ಸಂತೆಯ ದಿನದ ಎತ್ತುಗಳಂತೆ ಸಾಲಾಗಿ ಕಟ್ಟಿಕೊಂಡು ಅಲುಗಾಡುತ್ತಿದ್ದವು. ಬೇಸಿಗೆಯುದ್ದಕ್ಕೂ ಬುಧವಾರ ಸಂಜೆ ಇಲ್ಲಿ ರೇಸು. ಬಹುಮಾನವಿಲ್ಲ, ಸಮವಸ್ತ್ರವಿಲ್ಲ, ಆಫೀಸು ಮುಗಿಸಿ ಬಂದವರೆಲ್ಲ ಹಗ್ಗ ಬಿಚ್ಚಿ ಹೊರಡುವುದು, ಕತ್ತಲಾಗುವ ಮುಂಚೆ ಬರುವುದು. ನಮ್ಮವರ ದೋಣಿಯ ಯಜಮಾನ ಒಬ್ಬ ರಿಟೈರಾದ ಪ್ಲಂಬರ್. ಅವನ ಕೈ ಕುಲುಕಿ, ಇದಕ್ಕೇನನ್ನುತ್ತೀರಿ ಅಂತ ನನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದೆ. ಅಳಿಯಂದಿರು ಅವನಿಗೆ ಕಣ್ಣು ಹೊಡೆಯುವಷ್ಟರಲ್ಲಿ ಅವನು ಹೇಳಿಬಿಟ್ಟಿದ್ದ: “ಬಿಯರ್ ಕ್ಯಾನ್ ರೇಸ್.” ಆ ದೇಶದಲ್ಲಿ ವಾರದ ನಡುವಿನ ಇಂಥ ಓಟಗಳಿಗೆಲ್ಲ ಅದೇ ಹೆಸರಂತೆ. ಆ ಸೀಮೆಯ ‘ಲ್ಯಾಟಿಟ್ಯೂಡ್ 38’ ಎಂಬ ಹಾಯಿದೋಣಿ ಪತ್ರಿಕೆ ಇದಕ್ಕೆ ಹತ್ತು ಕಟ್ಟಳೆಗಳನ್ನೂ ಬರೆದಿಟ್ಟಿದೆಯಂತೆ. ಮನೆಯಾಕೆ ಅಳಿಯನ ಮುಖ ನೋಡಿದಳು. ಅಳಿಯಂದಿರು ಬಹಳ ಹೊತ್ತು ಆಕಾಶದಲ್ಲಿ ಗಾಳಿ ಯಾವ ಕಡೆಯದೆಂದು ನೋಡುತ್ತಿದ್ದರು.

ಸಾಂಟಾ ಕ್ರೂಜ್ ಸಾಮಾನ್ಯ ಊರಲ್ಲ ಅಂತ ಮಾತು ತಿರುಗಿಸಿದರು. ಹಗುರಾದ, ಚುರುಕಾದ ಹಾಯಿದೋಣಿ ಕಟ್ಟುವುದರಲ್ಲಿ ಈ ಕರಾವಳಿಯವರು ಲೋಕಪ್ರಸಿದ್ಧರು. ಬಿಲ್ ಲೀ ಎಂಬಾತ ಪಕ್ಕದ ಸೋಕೆಲ್ ಊರಿನ ಹಳೆಯ ಕೋಳಿಮನೆಯೊಂದರಲ್ಲಿ 68 ಅಡಿಯ ‘ಮರ್ಲಿನ್’ ಕಟ್ಟಿ, 1977ರಲ್ಲಿ ಲಾಸ್ ಏಂಜಲೀಸಿನಿಂದ ಹೊನೊಲುಲುವರೆಗಿನ ಟ್ರಾನ್ಸ್‌ಪ್ಯಾಕ್ ಓಟವನ್ನು ಎಂಟು ದಿನ ಹನ್ನೊಂದು ಗಂಟೆ ಚಿಲ್ಲರೆಯಲ್ಲಿ ಮುಗಿಸಿದ. ಆ ದಾಖಲೆ ಇಪ್ಪತ್ತು ವರ್ಷ ಯಾರ ಕೈಗೂ ಸಿಗಲಿಲ್ಲ. ಕೋಳಿಮನೆಯಿಂದ ಹೊರಟದ್ದು ಹಂಸದ ಹಾಗೆ ಓಡಿತು ಅನ್ನಿ. ಇದನ್ನು ಕೇಳಿ ನನಗೂ ಸ್ವಲ್ಪ ಗೌರವ ಬಂತು. ನಮ್ಮ ಹಿತ್ತಿಲ ಕೋಳಿಗೂಡಿನಲ್ಲಿ ಈವರೆಗೆ ಮೊಟ್ಟೆ ಬಿಟ್ಟು ಬೇರೇನೂ ಆಗಿಲ್ಲ.

ನಮ್ಮವರ ದೋಣಿ ಮೂರ್ 24. ಅದೂ ಆ ಊರಿನಲ್ಲೇ ಹುಟ್ಟಿದ ಜಾತಿ. ಇಪ್ಪತ್ತನಾಲ್ಕು ಅಡಿ ಉದ್ದ, ತೂಕ ಒಂದು ಟನ್ನಿಗೂ ಕಡಿಮೆ, ಆ ತೂಕದಲ್ಲೂ ಹೆಚ್ಚುಕಡಿಮೆ ಅರ್ಧ ತಳದಲ್ಲಿ ಕೂತ ಸೀಸದ್ದು. ಇಷ್ಟು ಹಗುರಾದ ದೋಣಿಯಲ್ಲಿ ಕೂತವರ ಮೈಭಾರವೇ ದೊಡ್ಡ ಆಸ್ತಿ. ಗಾಳಿ ದೋಣಿಯನ್ನು ಒಂದು ಮಗ್ಗುಲಿಗೆ ಒರಗಿಸುತ್ತದೆ. ಜನ ಎದುರು ಮಗ್ಗುಲಿನ ಅಂಚಿಗೆ ಸಾಲಾಗಿ ಕೂತು, ಕಾಲು ಹೊರಗೆ ಇಳಿಬಿಟ್ಟು ಅದನ್ನು ಅದುಮಿ ಹಿಡಿಯಬೇಕು. ಪ್ಲಂಬರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ದನದ ಜಾತ್ರೆಯಲ್ಲಿ ನೋಡುವ ಹಾಗೆಯೇ. “ಎಷ್ಟು?” ಅಂದ. ಎಂಬತ್ತಾರು ಕೆಜಿ ಅಂದೆ. ಅವನ ಮುಖ ಅರಳಿತು. ನಮ್ಮ ಡಾಕ್ಟರ ಮುಖ ಇದೇ ಸಂಖ್ಯೆ ಕೇಳಿ ಬಾಡಿತ್ತು. ಜೀವಮಾನದ ರಾಗಿಮುದ್ದೆ ಒಂದು ದಿನ ಲೆಕ್ಕಕ್ಕೆ ಬಂತಲ್ಲ ಅಂತ ಎದೆಯುಬ್ಬಿಸಿದೆ. ಹಾಗೆ ಅಂಚಿನಲ್ಲಿ ಕೂರುವವನಿಗೆ ‘ರೈಲ್ ಮೀಟ್’ ಅನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಹಲಗೆಯ ಮೇಲಿನ ಮಾಂಸ! ಮೂರು ಹೊತ್ತೂ ಲಿಂಗಪೂಜೆ ಮಾಡುವ ವಂಶದವನಿಗೆ ಈ ಬಿರುದು. ಊರಿನಲ್ಲಿ ಹೇಳಿದರೆ ಮದುವೆ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ.

ಹೆಸರುಗಳದ್ದೇ ಇನ್ನೊಂದು ರಗಳೆ. “ಮಾವ, ಆ ಶೀಟ್ ಹಿಡ್ಕೊಳ್ಳಿ” ಅಂದರು ಅಳಿಯಂದಿರು. ಶೀಟ್ ಅಂದರೆ ನಮಗೆ ದನದ ಕೊಟ್ಟಿಗೆಗೆ ಹೊದಿಸುವ ಜಿಂಕ್ ಶೀಟು. ಇಲ್ಲಿ ಬಟ್ಟೆಯ ಹಾಗೆ ಕಾಣುವುದು ಅಂದರೆ ಹಾಯಿ, ಅದನ್ನೇ ಹಿಡಿದೆ. ಅದಲ್ಲವಂತೆ! ಹಾಯಿಯನ್ನು ಎಳೆಯುವ ಹಗ್ಗಕ್ಕೆ ಶೀಟ್ ಅನ್ನಬೇಕಂತೆ. ಹಗ್ಗವನ್ನು ಹಗ್ಗ ಅಂದರೆ ನಗುತ್ತಾರಂತೆ. ಹಾಯಿಯ ಕೆಳಗಿನ ಅಡ್ಡತೊಲೆಗೆ ಬೂಮ್. ಅದೊಂದೇ ಹೆಸರು ಕೂಡಲೇ ಅರ್ಥವಾಯಿತು, ನೆತ್ತಿಗೆ ತಗುಲಿದಾಗ ಅದು ತನ್ನ ಹೆಸರನ್ನು ತಾನೇ ಹೇಳುತ್ತದೆ.

ದೋಣಿ ಬಂದರಿನ ಬಾಯಿ ದಾಟಿ ಮಾಂಟೆರೇ ಕೊಲ್ಲಿಗೆ ಇಳಿಯಿತು. ಚಳಿ ಅಂದರೆ ಮಾರ್ಗಶಿರದ ಹಾಸನೂರು. ಜೂನ್ ತಿಂಗಳು, ಸಂಜೆ ಆರಾದರೂ ಬಿಸಿಲು ಕಣ್ಣು ಕುಕ್ಕುತ್ತಿದೆ, ನಾನು ಮಂಕಿ ಕ್ಯಾಪಿನಲ್ಲಿದ್ದೇನೆ. ಶುರುವಿನ ಗೆರೆಯ ಹಿಂದೆ ಇಪ್ಪತ್ತು ಮೂವತ್ತು ದೋಣಿಗಳು ಒಂದರ ಮೂತಿಗೆ ಒಂದು ತಾಗುವ ಹಾಗೆ ಸುತ್ತುತ್ತಿವೆ. ಬ್ರೇಕಿಲ್ಲ, ನಿಲ್ಲುವಂತಿಲ್ಲ, ಹೊತ್ತಿಗೆ ಮುಂಚೆ ಗೆರೆ ದಾಟಿದರೆ ವಾಪಸು ಬಂದು ಮತ್ತೆ ಹೊರಡಬೇಕು. ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸುಗಳು ಇಂಜಿನ್ ಗುರುಗುಟ್ಟಿಸುತ್ತ ಒಂದಡಿ ಮುಂದೆ, ಅರ್ಧ ಅಡಿ ಹಿಂದೆ ಮಾಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನೇತಾಡುವ ಜಾಗದಲ್ಲಿ ಇಲ್ಲಿ ನಾನು ನೇತಾಡುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಮೊದಲ ಗುರಿ ಗಾಳಿ ಬರುವ ದಿಕ್ಕಿನಲ್ಲೇ ಇತ್ತು. ಗಾಳಿಗೆ ಎದುರಾಗಿ ಗಾಳಿಯಿಂದಲೇ ಹೋಗುವುದು ಹೇಗೆ? ನೇರ ಹೋಗಲು ಆಗುವುದಿಲ್ಲ. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹೋದರೆ ಹಾಯಿ ವಿಮಾನದ ರೆಕ್ಕೆಯಂತೆ ಉಬ್ಬಿ ಎಳೆಯುತ್ತದೆ. ಆ ಎಳೆತ ದೋಣಿಯನ್ನು ಪಕ್ಕಕ್ಕೂ ದೂಡುತ್ತದೆ. ತಳದ ಅಲಗು ಪಕ್ಕಕ್ಕೆ ಹೋಗಗೊಡುವುದಿಲ್ಲ. ಎರಡರ ನಡುವೆ ಸಿಕ್ಕಿದ ದೋಣಿ, ಬೆರಳುಗಳ ನಡುವೆ ಒತ್ತಿದ ಹಲಸಿನ ಬೀಜ ಪುಳಕ್ಕನೆ ಜಾರುವಂತೆ, ಮುಂದಕ್ಕೆ ಚಿಮ್ಮುತ್ತದೆ. ಸ್ವಲ್ಪ ದೂರ ಎಡಕ್ಕೆ ಓರೆ, ಆಮೇಲೆ ತಿರುಗಿಸಿ ಬಲಕ್ಕೆ ಓರೆ, ಮತ್ತೆ ಎಡಕ್ಕೆ. ಒಂದು ಮೈಲಿಯ ದಾರಿಗೆ 1.41 ಮೈಲಿ ಸುತ್ತು. ಲಂಬಕೋನ ತ್ರಿಭುಜ, ಹತ್ತನೆಯ ಕ್ಲಾಸು.

“ಇದಕ್ಕೆ ಟ್ಯಾಕಿಂಗ್ ಅಂತಾರೆ ಮಾವ. ಕಲಿಯೋಕೆ ನನಗೆ ಎರಡು ವರ್ಷ ಹಿಡೀತು.”

“ಇದಕ್ಕೆ ದಿಂಬಂ ಅಂತಾರೆ ಅಳಿಯಂದಿರೇ. ಹತ್ತುವ ಲಾರಿ ಎಂದಾದರೂ ಬೆಟ್ಟಕ್ಕೆ ಎದುರಾಗಿ ನೇರ ಹತ್ತಿದ್ದುಂಟೇ? ನಮ್ಮೂರ ಎಮ್ಮೆಗೂ ಗೊತ್ತಿದು.”

ಅವರಿಗೆ ಇದು ರುಚಿಸಲಿಲ್ಲ. ಎರಡು ವರ್ಷ ಕಲಿತದ್ದನ್ನು ಎಮ್ಮೆಗೂ ಗೊತ್ತು ಅಂದರೆ ಯಾರಿಗೆ ರುಚಿಸುತ್ತದೆ?

ಆದರೆ ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಇಲ್ಲಿ ಬಲಗಡೆಯಿಂದ ಗಾಳಿ ಪಡೆಯುವ ದೋಣಿಗೆ ಎಡಗಡೆಯಿಂದ ಪಡೆಯುವ ದೋಣಿ ದಾರಿ ಬಿಡಬೇಕು. ಹಕ್ಕಿರುವವನು “ಸ್ಟಾರ್‌ಬೋರ್ಡ್!” ಅಂತ ಅರಚುತ್ತಾನೆ, ನಮ್ಮವರು ತಿರುವಿನಲ್ಲಿ ಹಾರ್ನ್ ಅದುಮಿ ಹಿಡಿಯುವಂತೆ. ಹಕ್ಕಿಲ್ಲದವನೂ ಎಷ್ಟೋ ಸಲ ಅರಚಿ ನೋಡುತ್ತಾನಂತೆ. ಅದೂ ನಮ್ಮಂತೆಯೇ. ಬೆರಗಾದದ್ದು ಇನ್ನೊಂದಕ್ಕೆ. ನೀರಿನ ಮೇಲೆ ಅಂಪೈರ್ ಇಲ್ಲ. ದಾರಿ ತಪ್ಪಿಸಿ ನುಗ್ಗಿದವನು ತಾನೇ ಒಪ್ಪಿಕೊಂಡು, ಅಲ್ಲೇ ಗಿರಗಿರನೆ ಎರಡು ಸುತ್ತು ಸುತ್ತಿ ಮುಂದೆ ಹೋಗಬೇಕು. ಸ್ಕೂಲಿನಲ್ಲಿ ನಾನೂ ಮೈದಾನ ಸುತ್ತಿಸಿದ್ದೇನೆ; ಮೂವತ್ತು ವರ್ಷದಲ್ಲಿ ಒಬ್ಬ ಹುಡುಗನಾದರೂ “ಸಾರ್, ತಪ್ಪು ನಂದು” ಅಂತ ತಾನಾಗಿ ಓಡಲು ಶುರುಮಾಡಿದ್ದು ನೆನಪಿಲ್ಲ. ಅಲ್ಲಿ ಒಂದು ದೋಣಿ ಯಾರೂ ಹೇಳದೆ ನಮ್ಮ ಎದುರಿಗೇ ಎರಡು ಪ್ರದಕ್ಷಿಣೆ ಹಾಕಿತು. ನಾನು ಮಂಕಿ ಕ್ಯಾಪ್ ತೆಗೆದೆ.

ತೆಗೆಯಬಾರದಿತ್ತು. ಅದೇ ಗಳಿಗೆಗೆ ನಮ್ಮವರು ದೋಣಿ ತಿರುಗಿಸಿದರು. ತಿರುಗಿಸಿದಾಗ ರೈಲ್ ಮೀಟ್ ಎಲ್ಲ ಎದ್ದು, ಬೂಮ್ ಕೆಳಗೆ ನುಸುಳಿ, ಆ ಮಗ್ಗುಲಿಗೆ ಹೋಗಿ ಕೂರಬೇಕು. ಉಳಿದ ಮೂವರು ಅಳಿಲಿನಂತೆ ಹೋದರು. ನಾನು ಕ್ಯಾಪ್ ಹುಡುಕುತ್ತ ಅಲ್ಲೇ ಉಳಿದೆ. ಈಗ ಅದು ಕೆಳ ಮಗ್ಗುಲು. ಒಂದು ಅಲೆ ಬಂದು ನನ್ನ ಎದೆಯ ಮೇಲೆ ಕೊಡಪಾನದಷ್ಟು ನೀರು ಸುರಿಯಿತು. ಮೈಮೇಲೆ ಲೈಫ್ ಜಾಕೆಟ್ ಅಂತ ಒಂದು ತೆಳ್ಳನೆಯ ಪಟ್ಟಿ ಕಟ್ಟಿದ್ದರು. ನೀರಿಗೆ ಬಿದ್ದರೆ ತಾನೇ ಊದಿಕೊಳ್ಳುವ ಜಾತಿಯದು. ನಾನು ನೀರಿಗೆ ಬಿದ್ದಿಲ್ಲ, ನೀರೇ ನನ್ನ ಮೇಲೆ ಬಿದ್ದಿದೆ ಎಂಬ ಸೂಕ್ಷ್ಮ ಅದಕ್ಕೆಲ್ಲಿ ತಿಳಿಯಬೇಕು? ‘ಭುಸ್’ ಅಂತು. ಎಣಿಸುವಷ್ಟರಲ್ಲಿ ಕತ್ತಿನ ಸುತ್ತ ಹಳದಿ ಕುಂಬಳಕಾಯಿ ಬೆಳೆದು ಕಿವಿ ಮುಚ್ಚಿತು, ಗಲ್ಲ ಮೇಲೆದ್ದಿತು. ಆ ಸ್ಥಿತಿಯಲ್ಲೇ ಬೂಮ್ ಕೆಳಗೆ ನುಸುಳಲು ಹೋಗಿ ಅರ್ಧದಲ್ಲಿ ಬಿರಡೆಯಂತೆ ಸಿಕ್ಕಿಕೊಂಡೆ. ಅಳಿಯಂದಿರು ಮುಂದಿನಿಂದ ಎಳೆದರು, ಪ್ಲಂಬರ್ ಹಿಂದಿನಿಂದ ದೂಡಿದ. ಕಟ್ಟಿಕೊಂಡ ಪೈಪು ಬಿಡಿಸಿದ ಅನುಭವ ಅವನಿಗಿತ್ತು, ಪುಣ್ಯ. ಅಷ್ಟರಲ್ಲಿ ನಾಲ್ಕು ದೋಣಿಗಳು ನಮ್ಮನ್ನು ದಾಟಿದವು. ದಾಟುತ್ತ ಕೈಬೀಸಿದವು. ಊದಿದ ಜಾಕೆಟ್ಟಿಗೆ ಹೊಸ ಗ್ಯಾಸ್ ಡಬ್ಬಿ ಹಾಕಿಸಬೇಕು, ಅದಕ್ಕಿಷ್ಟು ಡಾಲರ್ ಅಂತ ಅಳಿಯಂದಿರು ಬಾಯಿಬಿಟ್ಟು ಹೇಳಲಿಲ್ಲ. ಉಸಿರು ಬಿಟ್ಟ ರೀತಿಯಲ್ಲೇ ಗೊತ್ತಾಯಿತು.

ವಾಪಸು ಬರುವಾಗ ಗಾಳಿ ಬೆನ್ನಿಗೆ. ಬಣ್ಣದ ದೊಡ್ಡ ಹಾಯಿಗಳು ಬಿಚ್ಚಿಕೊಂಡವು, ಒಂದೊಂದೂ ಗರ್ಭಿಣಿಯ ಹೊಟ್ಟೆಯಂತೆ. ಕಡಲಿಗೆ ಚಾಚಿಕೊಂಡ ಮರದ ಕಟ್ಟೆಯ ಕೆಳಗಿನಿಂದ ಕಡಲಸಿಂಹಗಳು ಹೊಟ್ಟೆ ಹಸಿದ ಹಾಸ್ಟೆಲ್ ಹುಡುಗರ ಹಾಗೆ ಬೊಬ್ಬಿಡುತ್ತಿದ್ದವು. ಬಿಳಿ ದೀಪಸ್ತಂಭದ ಬುಡದ ಕಲ್ಲುಗಳ ಮೇಲೆ ನೋಡಲು ಬಂದ ಜನ. ಅವರ ನಡುವೆ ಸೀರೆಯ ಮೇಲೆ ಸ್ವೆಟರು ತೊಟ್ಟ ನಮ್ಮ ಮನೆಯಾಕೆ, ಪಕ್ಕದವರಿಗೆಲ್ಲ ನನ್ನ ಕಡೆ ಬೆರಳು ತೋರಿಸಿ ಏನೋ ಹೇಳುತ್ತಿದ್ದಳು. ಯಾವ ಭಾಷೆಯಲ್ಲಿ ಹೇಳಿದಳೋ, ಅವರೆಲ್ಲ ನಕ್ಕರು.

ಅಸಲು ರೇಸು ದಡಕ್ಕೆ ಬಂದ ಮೇಲೆ ಶುರುವಾಯಿತು. ಯಾರು ಗೆದ್ದರು? ನಾನು ಹೋದ ದಿನ ಯಾರೂ ಬರೆದಿಟ್ಟದ್ದನ್ನು ನಾನು ಕಾಣೆ. ಹೀಗಾಗಿ ಐದು ದೋಣಿಯವರು ಗೆದ್ದಿದ್ದರು. ದೊಡ್ಡ ರೇಸುಗಳಲ್ಲಿ ಇದಕ್ಕೊಂದು ಲೆಕ್ಕವಿದೆ: ಹಳೆಯ, ನಿಧಾನದ ದೋಣಿಗೆ ಮೈಲಿಗೆ ಇಷ್ಟು ಸೆಕೆಂಡು ಎಂದು ಸಮಯ ಕಳೆದುಕೊಡುತ್ತಾರೆ. ಕೇಳಿದ ಕೂಡಲೇ ಗುರುತು ಹಿಡಿದೆ, ಇದು ಗ್ರೇಸ್ ಮಾರ್ಕ್ಸು! ಇದರಲ್ಲಿ ನನ್ನಷ್ಟು ಪಳಗಿದವರು ಆ ಬಂದರಿನಲ್ಲೇ ಇರಲಾರರು. ಪೇಪರ್ ಕರವಸ್ತ್ರದ ಮೇಲೆ ಗುಣಾಕಾರ ಮಾಡಿ, ಊದಿದ ಜಾಕೆಟ್ಟಿಗೆ ಇಷ್ಟು ಸೆಕೆಂಡು ರಿಯಾಯಿತಿ ಸೇರಿಸಿ, ನಮ್ಮ ದೋಣಿಯನ್ನು ಎರಡನೆಯ ಸ್ಥಾನಕ್ಕೆ ಪಾಸು ಮಾಡಿದೆ. ಗಲಾಟೆಯಾಯಿತು. ಕೋಡುಬಳೆ ಡಬ್ಬಿ ಆ ಗಲಾಟೆಯಲ್ಲಿ ಖಾಲಿಯಾಯಿತು. ಬಿಯರಿನ ಜೊತೆಗೆ ಇಷ್ಟು ಹೊಂದುವ ವಸ್ತು ಲೋಕದಲ್ಲಿಲ್ಲ ಅಂತ ಪ್ಲಂಬರ್ ಘೋಷಿಸಿದ. ಮನೆಯಾಕೆಗೆ ಇದನ್ನು ಕನ್ನಡಕ್ಕೆ ತರುವಾಗ ಅಳಿಯಂದಿರು ‘ಬಿಯರ್’ ಎಂಬಲ್ಲಿ ‘ಕಾಫಿ’ ಹಾಕಿದರು. ಅವಳು, “ಕಾಫಿಗೆ ನೊರೆ ಜಾಸ್ತಿ” ಅಂದಳು.

ಊರಿಗೆ ಬಂದು ಟೀ ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದಾಗ, ಮೊದಲು ಬಾಯಿ ಹಾಕಿದ್ದು ನಲವತ್ತು ವರ್ಷ ದಿಂಬಂನಲ್ಲಿ ಲಾರಿ ಹೊಡೆದ ನಮ್ಮ ಡ್ರೈವರಣ್ಣ. “ಗಾಳೀಲಿ ಹೋಗೋ ಗಾಡಿಗೆ ಡೀಸೆಲ್ ಬ್ಯಾಡ, ಸರಿ ಮೇಷ್ಟ್ರೇ. ಗಾಳಿ ನಿಂತೋದ್ರೆ?” “ಅಲ್ಲೇ ಕೂರೋದು.” “ಲೋಡು?” “ಲೋಡಿಲ್ಲ, ನಾವೇ ಲೋಡು.” “ಬಾಡಿಗೆ?” “ಕೈಯಿಂದಲೇ ಖರ್ಚು.” ಅವನು ಬೀಡಿ ಹಚ್ಚಿಕೊಂಡು, “ಅಂಗಾದ್ರೆ ಹಬ್ಬ ಅನ್ನಿ” ಅಂದ. ನಮ್ಮ ಪಕ್ಕದ ಗುಮಟಾಪುರದಲ್ಲಿ ದೀಪಾವಳಿ ಆದ ಮರುದಿನ ಗಂಡಸರೆಲ್ಲ ಸಗಣಿ ಗುಡ್ಡೆಯೊಳಗೆ ಇಳಿದು, ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆದಾಡುವ ಗೊರೆಹಬ್ಬವಿದೆಯಲ್ಲ, ಅದರಲ್ಲೂ ಯಾರು ಗೆದ್ದರೆಂದು ಈವರೆಗೆ ಯಾರೂ ಬರೆದಿಟ್ಟಿಲ್ಲ. ಬೆಂಗಳೂರಿನಿಂದ ಬಂದವರು ಕ್ಯಾಮೆರಾ ಒರೆಸಿಕೊಳ್ಳುತ್ತ ಕೇಳುವ ಮೊದಲ ಪ್ರಶ್ನೆ ಮಾತ್ರ ಅದೇ.

ನೀರಿನ ವಿಚಾರದಲ್ಲಿ ನಾವು ತೀರ ಬಡವರೂ ಅಲ್ಲ. ಘಾಟಿ ಇಳಿದರೆ 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟೆ. ಅದರಾಚೆ ತೆಂಗುಮರಹಾಡದವರು ಮೋಯಾರ್ ಹೊಳೆಯನ್ನು ಹರಿಗೋಲಿನಲ್ಲೇ ದಾಟಬೇಕು. ಹೊಳೆ ತುಂಬಿ ಬಂದರೆ ಅದು ಆಟವಲ್ಲ, ಪ್ರಾಣ. ಹಾಯಿಯೇ ಬೇಕೆಂದರೆ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಇಂಜಿನಿಯರ್ ಗ್ರೂಪಿನವರದಿದೆ, ಕನ್ನಂಬಾಡಿ ಹಿನ್ನೀರಿನಲ್ಲೂ ಇದೆ. ನಮ್ಮ ಸೇನೆಯ ಇಂಜಿನಿಯರುಗಳು ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ 1985ರಲ್ಲಿ ಹೊರಟು ಭೂಮಿ ಸುತ್ತಿ 1987ರಲ್ಲಿ ಬಂದರು. ಮದ್ರಾಸಿನ ಯಾಟ್ ಕ್ಲಬ್ 1911ರದು. ಕಟ್ಟಿದಾತ ಸರ್ ಫ್ರಾನ್ಸಿಸ್ ಸ್ಪ್ರಿಂಗ್, ಬಂದರು ಟ್ರಸ್ಟಿನ ಅಧ್ಯಕ್ಷ. ಮರುವರ್ಷ ಅದೇ ಟ್ರಸ್ಟಿಗೆ ತಿಂಗಳಿಗೆ ಮೂವತ್ತು ರೂಪಾಯಿಯ ಗುಮಾಸ್ತನಾಗಿ ಸೇರಿದವರು ಶ್ರೀನಿವಾಸ ರಾಮಾನುಜನ್. ಸಾಹೇಬರು ರೇಸು ಮುಗಿಸಿ ಬಂದು ಆ ಗುಮಾಸ್ತನ ಹತ್ತಿರ ಗ್ರೇಸ್ ಸೆಕೆಂಡಿನ ಲೆಕ್ಕ ಮಾಡಿಸಿದ್ದರೋ ಇಲ್ಲವೋ. ನಾನಾಗಿದ್ದರೆ ಮಾಡಿಸುತ್ತಿದ್ದೆ.

ಡಿಸೆಂಬರಿನಲ್ಲಿ ಮಗಳೂ ಅಳಿಯಂದಿರೂ ಬಂದರು. ಕೊಯಮತ್ತೂರಿನಲ್ಲಿ ವಿಮಾನ ಇಳಿದರು, ನಾವೇ ಕಾರು ಮಾಡಿಕೊಂಡು ಹೋಗಿ ಕರೆತಂದೆವು. ದಾರಿಯುದ್ದಕ್ಕೂ ಅಲೆ ಎಂಟಡಿ ಎದ್ದ ದಿನವೂ ತಮಗೆ ವಾಂತಿ ಬಂದದ್ದಿಲ್ಲ, ಅದೆಲ್ಲ ಒಳಕಿವಿಯ ಸಮತೋಲ, ದಿಗಂತ ನೋಡುತ್ತಿದ್ದರೆ ಸಾಕು ಅಂತ ಪಾಠ ಹೇಳುತ್ತಿದ್ದರು. ಬಣ್ಣಾರಿಯಲ್ಲಿ ಕೈಮುಗಿದೆವು. ಒಂದು, ಎರಡು, ಮೂರು. ಐದನೆಯ ತಿರುವಿಗೆ ಅಳಿಯಂದಿರು ಮಾತು ನಿಲ್ಲಿಸಿದರು. 8ಕ್ಕೆ ಕಿಟಕಿ ಇಳಿಸಿದರು. ದಿಂಬಂನಲ್ಲಿ ದಿಗಂತ ಎಲ್ಲಿಂದ ಬರಬೇಕು, ಎದುರಿಗಿದ್ದದ್ದು ಎಲೆಕೋಸಿನ ಲಾರಿಯ ಹಿಂಭಾಗ. ಮನೆಯಾಕೆ ಸೆರಗಿನಿಂದ ನಿಂಬೆಹಣ್ಣು ತೆಗೆದು ಮೂಗಿಗೆ ಹಿಡಿದಳು. 11ಕ್ಕೆ, “ಮಾವ, ಸ್ವಲ್ಪ ನಿಲ್ಲಿಸಿ” ಎಂಬ ಸಣ್ಣ ದನಿ.

ಕಾರು ನಿಂತಿತು. ಅಳಿಯಂದಿರು ಇಳಿದು, ತಡೆಗೋಡೆ ಹಿಡಿದು, ದೋಣಿಯ ಅಂಚಿನಲ್ಲಿ ಕೂತಂತೆಯೇ ಹೊರಕ್ಕೆ ಬಾಗಿದರು. ಗೋಡೆಯ ಮೇಲಿದ್ದ ಕೋತಿಗಳು ಗೌರವದಿಂದ ಎರಡು ಮಾರು ಜರುಗಿ ಕೂತವು.

“ಇನ್ನೆಷ್ಟಿವೆ ಮಾವ?”

“ಹದಿನಾರು.”

ಆ ತಿರುವಿನಲ್ಲಿ ಎಲ್ಲಿಂದಲೋ ಸಿಗ್ನಲ್ ಸಿಕ್ಕಿ ಮಗಳ ಫೋನ್ ಹೊಡೆದುಕೊಂಡಿತು. ಬೀಗಿತ್ತಿಯದು, ಮಗ ಕ್ಷೇಮವಾಗಿ ಬಂದನಾ ಅಂತ. ಮಗಳು ಗೋಡೆಗೆ ಜೋತುಬಿದ್ದಿದ್ದ ಗಂಡನ ಕಡೆ ಒಂದು ಸಲ ನೋಡಿ, “ಬಂದರು ಅತ್ತೆ. ಈಗ ಮೀಟಿಂಗಿನಲ್ಲಿದ್ದಾರೆ” ಅಂದಳು.